38ಕ್ಕೆ 38: ಸೌತ್ ಕೆರೊಲಿನಾ ಹುಡುಗಿಯರು ಒಂದೂ ಪಂದ್ಯ ಸೋಲದ ಆ ವರ್ಷ

ಅಮೆರಿಕದ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವ ಹೆಸರು ಒಂದೇ, ಕೇಟ್ಲಿನ್ ಕ್ಲಾರ್ಕ್. 2024ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮೊಬೈಲ್ ತೆಗೆದರೆ ಸಾಕು, ಅಯೋವಾ ತಂಡದ ಆ ಹುಡುಗಿ ಎಲ್ಲೋ ದೂರದಿಂದ ಚೆಂಡು ಎಸೆದು ಬುಟ್ಟಿಗೆ ಹಾಕುವ ವಿಡಿಯೊ ಬರುತ್ತಿತ್ತು. ಆದರೆ ಆ ವರ್ಷ ಕಪ್ ಎತ್ತಿದ್ದು ಅವಳ ತಂಡ ಅಲ್ಲ. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಹುಡುಗಿಯರು, ಕೋಚ್ ಡಾನ್ ಸ್ಟೇಲಿ ಅವರ ತಂಡ. ಆಡಿದ್ದು 38 ಪಂದ್ಯ, ಗೆದ್ದದ್ದೂ 38.

ಇದರಲ್ಲಿ ಒಂದು ವಿಚಿತ್ರ ಇದೆ. ಅದರ ಹಿಂದಿನ ಸೀಸನ್‌ನಲ್ಲಿ, ಅಂದರೆ 2022-23ರಲ್ಲಿ, ಇದೇ ತಂಡ ಸತತ 36 ಪಂದ್ಯ ಗೆದ್ದು ಸೆಮಿಫೈನಲ್‌ಗೆ ಬಂದಿತ್ತು. ಅಲ್ಲಿ ಅಯೋವಾ ಎದುರು 77-73ರಿಂದ ಸೋತಿತು. ಕ್ಲಾರ್ಕ್ ಒಬ್ಬಳೇ 41 ಪಾಯಿಂಟ್ ಹಾಕಿದ್ದಳು. ಅಲ್ಲಿಗೆ ಸೀಸನ್ ಮುಗಿಯಿತು. ಅಷ್ಟೇ ಅಲ್ಲ, ಆ ತಂಡದಲ್ಲಿ ಪಂದ್ಯ ಶುರು ಮಾಡುತ್ತಿದ್ದ ಐವರೂ, ದೇಶದ ದೊಡ್ಡ ತಾರೆ ಅಲಿಯಾ ಬಾಸ್ಟನ್ ಸೇರಿ, ಕಾಲೇಜು ಮುಗಿಸಿ ಹೊರಟುಹೋದರು. ಐದಕ್ಕೆ ಐದೂ ಜಾಗ ಖಾಲಿ. ಮುಂದಿನ ಸೀಸನ್ ಶುರುವಾಗುವ ಮೊದಲು ಪತ್ರಕರ್ತರು ಮತ ಹಾಕಿ ಮಾಡುವ ರ‍್ಯಾಂಕಿಂಗ್‌ನಲ್ಲಿ ಇವರಿಗೆ ಸಿಕ್ಕಿದ್ದು ಆರನೇ ಸ್ಥಾನ. ತಾರೆಗಳಿದ್ದ ತಂಡಕ್ಕೆ ಸಿಗದ ಕಪ್, ಅವರೆಲ್ಲ ಹೋದ ಮೇಲೆ ಉಳಿದವರಿಗೆ ಸಿಕ್ಕಿತು, ಅದೂ ಒಂದೂ ಸೋಲಿಲ್ಲದೆ. ಹೇಗೆ?

ಉತ್ತರ ಬೆಂಚಿನಲ್ಲಿದೆ, ಅಂದರೆ ಹೊರಗೆ ಕೂತು ಪಂದ್ಯದ ನಡುವೆ ಬದಲಿಯಾಗಿ ಇಳಿಯುವವರಲ್ಲಿದೆ ಅಂತ ನನ್ನ ಲೆಕ್ಕ. ಆದರೆ ಅದು ಸರಿಯಾಗಿ ತಿಳಿಯಬೇಕು ಅಂದರೆ ಈ ಕಾಲೇಜು ಸೀಸನ್ ಹೇಗೆ ನಡೆಯುತ್ತದೆ, ಅದರಲ್ಲಿ ಒಂದು ಸೋಲಿಗೆ ಎಲ್ಲಿ ಎಷ್ಟು ಬೆಲೆ ಅನ್ನೋದನ್ನು ಮೊದಲು ನೋಡಬೇಕು. ಹೊರಗಿನಿಂದ ನೋಡಿದರೆ ಅದು ತಲೆಬುಡ ಅರ್ಥವಾಗದ ಹಾಗೆ ಕಾಣುತ್ತದೆ. ಒಳಗೆ ಹೊಕ್ಕರೆ ಅಷ್ಟೇನೂ ಕಷ್ಟ ಇಲ್ಲ.

ಮೊದಲು ತಂಡದ ವಿಷಯ. ಎನ್‌ಸಿಎಎ ಅನ್ನುವ ಸಂಸ್ಥೆ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುತ್ತದೆ. ಅದರ ಮೇಲಿನ ದರ್ಜೆ ಡಿವಿಷನ್ 1. ಅದರಲ್ಲಿ ಸುಮಾರು 360 ಕಾಲೇಜುಗಳ ಮಹಿಳಾ ತಂಡಗಳಿವೆ. ಒಬ್ಬ ಆಟಗಾರ್ತಿಗೆ ಸಾಮಾನ್ಯವಾಗಿ ನಾಲ್ಕು ಸೀಸನ್ ಆಡಲು ಅವಕಾಶ. ಹಾಗಾಗಿ ಯಾವ ಕೋಚ್‌ಗೂ ಒಂದೇ ತಂಡ ಕೈಯಲ್ಲಿ ಉಳಿಯುವುದಿಲ್ಲ. ಪ್ರತಿ ವರ್ಷ ಕೆಲವರು ಓದು ಮುಗಿಸಿ ಹೋಗುತ್ತಾರೆ, ಹೈಸ್ಕೂಲು ಮುಗಿಸಿದ ಹೊಸಬರು ಬರುತ್ತಾರೆ. ಇದರ ಜೊತೆಗೆ 2021ರಿಂದ ಇನ್ನೊಂದು ಬದಲಾವಣೆ ಆಯಿತು. ಮೊದಲು ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರಿದರೆ ಸಾಮಾನ್ಯವಾಗಿ ಒಂದು ವರ್ಷ ಸುಮ್ನೆ ಕೂರಬೇಕಿತ್ತು. ಈಗ ಹೆಸರು ಕೊಟ್ಟು, ಬೇರೆ ಕಾಲೇಜಿಗೆ ಹೋಗಿ, ಅದೇ ವರ್ಷ ಆಡಬಹುದು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಸಂಪಾದಿಸುವುದಕ್ಕೂ ಒಪ್ಪಿಗೆ ಸಿಕ್ಕಿತು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಲೆಕ್ಕಾಚಾರವನ್ನೇ ಈ ಎರಡು ನಿಯಮಗಳು ತಲೆಕೆಳಗು ಮಾಡಿದವು.

ಸೌತ್ ಕೆರೊಲಿನಾಗೆ ಈ ದಾರಿಯಲ್ಲೇ ಇಬ್ಬರು ಮುಖ್ಯ ಆಟಗಾರ್ತಿಯರು ಸಿಕ್ಕರು. ಬ್ರೆಜಿಲ್‌ನ ಕಮಿಲಾ ಕಾರ್ಡೋಸೊ, ಎರಡು ಮೀಟರ್ ಎತ್ತರದ ಹುಡುಗಿ, ಸಿರಾಕ್ಯೂಸ್ ಬಿಟ್ಟು 2021ರಲ್ಲೇ ಬಂದಿದ್ದಳು. ಆದರೆ ಬಾಸ್ಟನ್ ಇದ್ದಷ್ಟು ದಿನ ಅವಳದು ಬೆಂಚಿನಿಂದ ಎದ್ದು ಬರುವ ಪಾತ್ರ. 2023ರಲ್ಲಿ ಆರಿಗನ್‌ನಿಂದ ಟೆ-ಹಿನಾ ಪಾವ್‌ಪಾವ್ ಬಂದಳು. ಹಿಂದಿನ ವರ್ಷ ಅಯೋವಾ ಎದುರು ತಂಡ ಸೋಲಲು ಒಂದು ಕಾರಣ ದೂರದಿಂದ ಚೆಂಡು ಹಾಕುವವರು ಇಲ್ಲದಿದ್ದದ್ದು. ಆ ಕೊರತೆಗೆ ಪಾವ್‌ಪಾವ್ ನೇರ ಮದ್ದು. ಬುಟ್ಟಿಯಿಂದ 6.75 ಮೀಟರ್ ದೂರದ ಗೆರೆಯ ಆಚೆಯಿಂದ ಹಾಕಿದರೆ ಮೂರು ಪಾಯಿಂಟ್. ಆ ಹೊಡೆತದಲ್ಲಿ ಅವಳು ಇಡೀ ದೇಶದಲ್ಲೇ ಮುಂಚೂಣಿಯಲ್ಲಿದ್ದಳು.

ಈಗ ಸೀಸನ್. ನವೆಂಬರ್ ಮೊದಲ ವಾರ ಶುರು, ಏಪ್ರಿಲ್ ಮೊದಲ ವಾರ ಮುಗಿತಾಯ. ಇದು ಒಂದೇ ಟೂರ್ನಿ ಅಂದುಕೊಂಡರೆ ಗೊಂದಲ ಆಗುತ್ತದೆ. ನಿಜದಲ್ಲಿ ಒಂದರ ಮೇಲೊಂದು ಪೇರಿಸಿದ ಬೇರೆ ಬೇರೆ ಸ್ಪರ್ಧೆಗಳು. ಶುರುವಿನ ಎರಡು ತಿಂಗಳು ಯಾರ ಜೊತೆ ಆಡಬೇಕು ಅನ್ನೋದನ್ನು ಬಹುಮಟ್ಟಿಗೆ ಕಾಲೇಜುಗಳೇ ಮಾತಾಡಿಕೊಂಡು ಗೊತ್ತು ಮಾಡುತ್ತವೆ. ಜನವರಿಯಿಂದ ತಮ್ಮ ತಮ್ಮ ಕಾನ್ಫರೆನ್ಸ್ ಒಳಗಿನ ಪಂದ್ಯಗಳು. ಕಾನ್ಫರೆನ್ಸ್ ಅಂದರೆ ಒಂದಷ್ಟು ಕಾಲೇಜುಗಳ ಕೂಟ, ಲೀಗ್ ಅನ್ನಿ. ಸೌತ್ ಕೆರೊಲಿನಾ ಇರುವುದು ಎಸ್‌ಇಸಿ ಅನ್ನುವ ಕೂಟದಲ್ಲಿ, ಆಗ ಅದರಲ್ಲಿ 14 ಕಾಲೇಜುಗಳಿದ್ದವು. ಮಾರ್ಚ್ ಶುರುವಿನಲ್ಲಿ ಆ ಕೂಟದ ಒಳಗೇ ಒಂದು ನಾಕೌಟ್ ಟೂರ್ನಿ. ಅದು ಮುಗಿದ ಮೇಲೆ ರಾಷ್ಟ್ರೀಯ ಟೂರ್ನಿ, ಎಲ್ಲರೂ ಮಾರ್ಚ್ ಮ್ಯಾಡ್‌ನೆಸ್ ಅನ್ನುವುದು ಅದಕ್ಕೇ.

ರಾಷ್ಟ್ರೀಯ ಟೂರ್ನಿಗೆ 68 ತಂಡ. 2024ರಲ್ಲಿ ಅದರಲ್ಲಿ 32 ಜಾಗ ಆಯಾ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೀಸಲಾಗಿದ್ದವು, ಉಳಿದ 36 ತಂಡಗಳನ್ನು ಒಂದು ಸಮಿತಿ ಕೂತು ಆರಿಸಿತು. ಸಮಿತಿ ಬರೀ ಗೆಲುವು ಎಣಿಸುವುದಿಲ್ಲ. ಯಾರ ಮೇಲೆ ಗೆದ್ದಿರಿ, ಎಲ್ಲಿ ಗೆದ್ದಿರಿ, ಸೋತದ್ದಾದರೆ ಯಾರಿಗೆ ಸೋತಿರಿ, ಎಲ್ಲ ಲೆಕ್ಕ. ಬಲಾಢ್ಯ ತಂಡದ ಊರಿಗೇ ಹೋಗಿ ಎರಡು ಪಾಯಿಂಟ್‌ನಿಂದ ಸೋತರೆ ಅದು ಅಂಥ ಕಪ್ಪುಚುಕ್ಕೆ ಅಲ್ಲ, ದುರ್ಬಲ ತಂಡದ ಎದುರು ನಮ್ಮದೇ ಅಂಗಳದಲ್ಲಿ ಸೋತರೆ ಅದು ದೊಡ್ಡ ಪೆಟ್ಟು. ಹೀಗೆ ಆರಿಸಿದ ತಂಡಗಳನ್ನು ನಾಲ್ಕು ವಿಭಾಗ ಮಾಡಿ, ಪ್ರತಿ ವಿಭಾಗದಲ್ಲಿ 1ರಿಂದ 16ರ ತನಕ ಸೀಡ್, ಅಂದರೆ ಬಲದ ಕ್ರಮದ ಸಂಖ್ಯೆ, ಕೊಡುತ್ತಾರೆ. 1ನೇ ಸೀಡ್‌ಗೆ ಮೊದಲ ಪಂದ್ಯ 16ನೇ ಸೀಡ್ ಜೊತೆ, 2ಕ್ಕೆ 15, ಹೀಗೆ. ಮಹಿಳೆಯರ ಟೂರ್ನಿಯಲ್ಲಿ ಮೇಲಿನ ನಾಲ್ಕು ಸೀಡ್‌ಗಳಿಗೆ ಇನ್ನೊಂದು ದೊಡ್ಡ ಲಾಭ ಇದೆ, ಮೊದಲ ಎರಡು ಸುತ್ತು ಅವರ ಸ್ವಂತ ಊರಲ್ಲೇ. ಪುರುಷರ ಟೂರ್ನಿಯಲ್ಲಿ ಹಾಗಿಲ್ಲ. 16ನೇ ಸೀಡ್ ತಂಡ 1ನೇ ಸೀಡ್ ಅನ್ನು ಸೋಲಿಸಿದ್ದು ಮಹಿಳೆಯರ ಟೂರ್ನಿಯಲ್ಲಿ ಒಂದೇ ಸಲ, 1998ರಲ್ಲಿ, ಹಾರ್ವರ್ಡ್ ತಂಡ ಸ್ಟ್ಯಾನ್‌ಫರ್ಡ್ ಅನ್ನು ಅವರ ಊರಲ್ಲೇ ಮಣಿಸಿತು.

ಆಮೇಲೆ ಆರು ಪಂದ್ಯ, ಸೋತವರು ಮನೆಗೆ. ಬೆಸ್ಟ್ ಆಫ್ ತ್ರೀ ಇಲ್ಲ, ಎರಡನೇ ಅವಕಾಶ ಇಲ್ಲ. ನಮ್ಮ ಐಪಿಎಲ್‌ನಲ್ಲಿ ಲೀಗ್ ಹಂತದಲ್ಲಿ ನಾಲ್ಕೈದು ಸೋತರೂ ಪ್ಲೇಆಫ್‌ಗೆ ಬರಬಹುದು, ಎಲಿಮಿನೇಟರ್‌ನಲ್ಲಿ ಸೋತರೆ ಗಂಟುಮೂಟೆ ಕಟ್ಟಬೇಕು ಅಲ್ವಾ, ಹಾಗೆ. ನವೆಂಬರ್‌ನಿಂದ ಮಾರ್ಚ್ ಎರಡನೇ ವಾರದ ತನಕ ಒಂದು ಸೋಲಿನಿಂದ ಬಲವಾದ ತಂಡಕ್ಕೆ ಹೋಗುವುದು ಜಾಸ್ತಿ ಅಂದರೆ ಒಂದು ಸೀಡ್. ಅದಾದ ಮೇಲೆ ಒಂದು ಸೋಲಿನಿಂದ ಹೋಗುವುದು ಎಲ್ಲವೂ.

ಹಾಗಾದರೆ ಒಂದೂ ಸೋಲದೆ ಇರುವುದು ಎಷ್ಟು ಕಷ್ಟ? ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಂದು ತಂಡ ಎಷ್ಟು ಬಲವಾಗಿದೆ ಅಂದರೆ ಯಾವುದೇ ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ 95 ಅಂದುಕೊಳ್ಳಿ. ಕೊನೆಯ ಆರು ನಾಕೌಟ್ ಪಂದ್ಯ ಪೂರ್ತಿ ಗೆಲ್ಲುವ ಸಾಧ್ಯತೆ ಸುಮಾರು 73. ಅದೇ ತಂಡ 38ಕ್ಕೆ 38 ಗೆಲ್ಲುವ ಸಾಧ್ಯತೆ? ಬರೀ 14. ಅಂಥ ತಂಡ ಏಳು ಸೀಸನ್ ಆಡಿದರೆ ಒಂದರಲ್ಲಿ ಆಗಬಹುದಾದದ್ದು. ಮತ್ತೆ ನೂರಕ್ಕೆ 95 ಅನ್ನುವಂಥ ತಂಡ ಸಿಗುವುದೇ ಅಪರೂಪ. 1982ರಲ್ಲಿ ಎನ್‌ಸಿಎಎ ಮಹಿಳೆಯರ ಟೂರ್ನಿ ಶುರುವಾದಾಗಿನಿಂದ 2024ರ ತನಕ ಸೋಲಿಲ್ಲದೆ ಚಾಂಪಿಯನ್ ಆದದ್ದು ಹತ್ತೇ ಸಲ. ಅದರಲ್ಲಿ ಆರು ಸಲ ಕನೆಕ್ಟಿಕಟ್ ಒಂದೇ ತಂಡ. ಟೆಕ್ಸಸ್ 1986ರಲ್ಲಿ, ಟೆನೆಸಿ 1998ರಲ್ಲಿ, ಬೇಲರ್ 2012ರಲ್ಲಿ, ಆಮೇಲೆ ಇವರು.

ಸೀಸನ್‌ನ ಮೊದಲ ಪಂದ್ಯ ಅಮೆರಿಕದಲ್ಲಿ ನಡೆಯಲೇ ಇಲ್ಲ. 2023ರ ನವೆಂಬರ್ 6ರಂದು ಪ್ಯಾರಿಸ್‌ನಲ್ಲಿ, ನೋಟರ್ ಡೇಮ್ ಎದುರು. ಹೊಸ ತಂಡ, ಎದುರಿಗೆ ಟಾಪ್ ಹತ್ತರ ತಂಡ, ಎಲ್ಲರಿಗೂ ಕುತೂಹಲ. ಅಲ್ಲಿ ಮಿಲೇಸಿಯಾ ಫುಲ್‌ವೈಲಿ ಅನ್ನುವ ಮೊದಲ ವರ್ಷದ ಹುಡುಗಿ, ಕಾಲೇಜು ಇರುವ ಕೊಲಂಬಿಯಾ ಊರಿನವಳೇ, ಚೆಂಡು ಹಿಡಿದು ಅಂಗಳದ ಈ ತುದಿಯಿಂದ ಆ ತುದಿಗೆ ಓಡಿದಳು. ಎದುರಿಗೆ ತಡೆಯುವವರು ಬಂದಾಗ ಚೆಂಡನ್ನು ಬೆನ್ನ ಹಿಂದಿನಿಂದ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿಕೊಂಡು, ಓಟ ಸ್ವಲ್ಪವೂ ನಿಧಾನ ಮಾಡದೆ, ಹಾರಿ ಬುಟ್ಟಿಗೆ ಹಾಕಿದಳು. ಅದು ಅವಳ ಕಾಲೇಜು ಬದುಕಿನ ಮೊದಲ ಪಂದ್ಯ! ತಂಡ 100-71ರಿಂದ ಗೆದ್ದಿತು. ಅದೇ ದಿನ ಒಂದನೇ ಸ್ಥಾನದಲ್ಲಿದ್ದ ಹಾಲಿ ಚಾಂಪಿಯನ್ ಎಲ್‌ಎಸ್‌ಯು ತಂಡ ಕೊಲರಾಡೊ ಎದುರು ಸೋತಿತು. ಒಂದು ವಾರದಲ್ಲಿ ಸೌತ್ ಕೆರೊಲಿನಾ ಆರರಿಂದ ಒಂದನೇ ಸ್ಥಾನಕ್ಕೆ ಬಂತು, ಆಮೇಲೆ ಕೊನೆಯ ತನಕ ಅಲ್ಲಿಂದ ಇಳಿಯಲಿಲ್ಲ.

ಫುಲ್‌ವೈಲಿ ಇಷ್ಟೆಲ್ಲ ಮಾಡಿದರೂ ಆ ವರ್ಷ ಅವಳ ಖಾಯಂ ಜಾಗ ಬೆಂಚು. ಇಲ್ಲೇ ಈ ತಂಡದ ಗುಟ್ಟು ಇರುವುದು.

ಕಾಲೇಜು ಮಹಿಳೆಯರ ಪಂದ್ಯ ಹತ್ತು ಹತ್ತು ನಿಮಿಷದ ನಾಲ್ಕು ಭಾಗ, ಒಟ್ಟು 40 ನಿಮಿಷ. ಅಂಗಳದಲ್ಲಿ ಒಂದು ಸಲಕ್ಕೆ ಐವರು. ಅಂದರೆ ಕೋಚ್ ಕೈಯಲ್ಲಿ ಹಂಚಲು 200 ನಿಮಿಷ ಇದೆ. ಬಹಳ ತಂಡಗಳು ತಮ್ಮ ಒಳ್ಳೆಯ ಐವರಿಗೆ ತಲಾ 33, 35 ನಿಮಿಷ ಕೊಟ್ಟುಬಿಡುತ್ತವೆ, ಉಳಿದ ಚೂರುಪಾರು ಬೆಂಚಿಗೆ. ಅದು ತಪ್ಪೇನಲ್ಲ, ಒಳ್ಳೆಯವರು ಜಾಸ್ತಿ ಹೊತ್ತು ಆಡಲಿ ಅನ್ನೋದು ಸಹಜ. ಆದರೆ ಅದರಲ್ಲಿ ಎರಡು ಅಪಾಯ. ದಣಿವು ಒಂದು. ಇನ್ನೊಂದು ಫೌಲ್, ಐದು ಫೌಲ್ ಆದರೆ ಆ ಆಟಗಾರ್ತಿ ಹೊರಗೆ. ಹಾಗಾಗಿ ಮೂರು ಫೌಲ್ ಆದ ತಕ್ಷಣ ತಾರೆ ಆಟಗಾರ್ತಿ ಅಂಜಿ ಅಂಜಿ ಆಡಲು ಶುರು ಮಾಡುತ್ತಾಳೆ. ಸ್ಟೇಲಿ ಅವರ ಈ ತಂಡದಲ್ಲಿ ಯಾರ ಸರಾಸರಿಯೂ 30 ನಿಮಿಷ ಮುಟ್ಟಲಿಲ್ಲ. ಪಾಯಿಂಟ್ ಕೂಡ ಹಾಗೇ ಹಂಚಿಹೋಗಿತ್ತು. ಎಲ್ಲರಿಗಿಂತ ಜಾಸ್ತಿ ಹಾಕಿದ ಕಾರ್ಡೋಸೊ ಸರಾಸರಿ ಪಂದ್ಯಕ್ಕೆ 14ರ ಆಸುಪಾಸು. ಅತ್ತ ಕ್ಲಾರ್ಕ್ ಸರಾಸರಿ 31.6! ಕ್ಲಾರ್ಕ್ ಒಬ್ಬಳನ್ನು ಕಟ್ಟಿಹಾಕಿದರೆ ಅಯೋವಾ ಅರ್ಧ ಕುಸಿಯುತ್ತದೆ ಅಂತ ಎದುರಾಳಿ ಲೆಕ್ಕ ಹಾಕಬಹುದು. ಇಲ್ಲಿ ಯಾರನ್ನು ಕಟ್ಟಿಹಾಕುವುದು?

ಫೆಬ್ರವರಿಯಲ್ಲಿ ಇದಕ್ಕೆ ಒಂದು ಪರೀಕ್ಷೆ ಬಂತು. ಒಲಿಂಪಿಕ್ಸ್ ಅರ್ಹತಾ ಪಂದ್ಯಗಳಿಗಾಗಿ ಕಾರ್ಡೋಸೊ ಬ್ರೆಜಿಲ್‌ಗೆ ಹೋದಳು. ಅದೇ ಹೊತ್ತಿಗೆ ಸೌತ್ ಕೆರೊಲಿನಾಗೆ ಕನೆಕ್ಟಿಕಟ್ ಜೊತೆ ಪಂದ್ಯ. ತಂಡದ ಅತಿ ಎತ್ತರದ, ಅತಿ ಹೆಚ್ಚು ಪಾಯಿಂಟ್ ಹಾಕುವ ಹುಡುಗಿ ಇನ್ನೊಂದು ಖಂಡದಲ್ಲಿ ಇದ್ದಾಳೆ, ಎದುರಿಗೆ ಆರು ಸಲ ಸೋಲಿಲ್ಲದ ಸೀಸನ್ ಕಂಡ ಕಾಲೇಜು. 83-65, ಸಲೀಸಾಗಿ ಗೆದ್ದರು.

ಕಾನ್ಫರೆನ್ಸ್ ಟೂರ್ನಿ ಬರುವ ಹೊತ್ತಿಗೆ 29ಕ್ಕೆ 29. ಆ ವಾರಾಂತ್ಯದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇಡೀ ಸೀಸನ್‌ನಲ್ಲಿ ಸೋಲು ಅತಿ ಹತ್ತಿರ ಬಂದು ಹೋದದ್ದು ಅಲ್ಲೇ.

ಮಾರ್ಚ್ 9, ಗ್ರೀನ್‌ವಿಲ್ ಊರು, ಎಸ್‌ಇಸಿ ಸೆಮಿಫೈನಲ್, ಎದುರಾಳಿ ಟೆನೆಸಿ. ಸೌತ್ ಕೆರೊಲಿನಾ ಒಂದು ಹಂತದಲ್ಲಿ 23 ಪಾಯಿಂಟ್ ಮುಂದಿತ್ತು. ಟೆನೆಸಿ ಬಿಡಲಿಲ್ಲ, ಇಷ್ಟಿಷ್ಟೇ ಕಡಿಮೆ ಮಾಡುತ್ತಾ ಬಂದು ಕೊನೆಗೆ 73-71 ಮುನ್ನಡೆ ಪಡೆಯಿತು. ಗಡಿಯಾರದಲ್ಲಿ ಉಳಿದದ್ದು 1.1 ಸೆಕೆಂಡ್. ಗೆರೆಯ ಹೊರಗಿನಿಂದ ಚೆಂಡು ಒಳಗೆ ಕೊಡಬೇಕು, ಹಿಡಿದವಳು ತಕ್ಷಣ ಎಸೆಯಬೇಕು, ಬೇರೆ ಏನಕ್ಕೂ ಸಮಯ ಇಲ್ಲ. ಚೆಂಡು ಹೋದದ್ದು ಕಾರ್ಡೋಸೊಗೆ. ಅವಳು ನಿಂತದ್ದು ಮೂರು ಪಾಯಿಂಟ್ ಗೆರೆಯ ಆಚೆ. ಬುಟ್ಟಿಯ ಕೆಳಗೆ ನಿಂತು ಆಡುವ ಹುಡುಗಿ, ಕಾಲೇಜಿನಲ್ಲಿ ಅಲ್ಲಿ ತನಕ ಒಂದೇ ಒಂದು ಮೂರು ಪಾಯಿಂಟ್ ಹಾಕಿರಲಿಲ್ಲ. ಹಿಡಿದಳು, ತಿರುಗಿದಳು, ಎಸೆದಳು. ಚೆಂಡು ಬೋರ್ಡಿಗೆ ಬಡಿದು ಬುಟ್ಟಿಯೊಳಗೆ ಬಿತ್ತು. 74-73.

ಈಗ ಮೇಲೆ ಹೇಳಿದ ಬೆಲೆಯ ಮಾತಿಗೆ ಬನ್ನಿ. ಆ ಚೆಂಡು ಹೊರಗೆ ಬಿದ್ದಿದ್ದರೆ ಏನಾಗುತ್ತಿತ್ತು? ಸೋಲಿಲ್ಲದ ದಾಖಲೆ ಹೋಗುತ್ತಿತ್ತು, ಅಷ್ಟೇ. ರಾಷ್ಟ್ರೀಯ ಟೂರ್ನಿಯಲ್ಲಿ 1ನೇ ಸೀಡ್ ಆಗಲೂ ಅವರಿಗೇ ಸಿಗುತ್ತಿತ್ತು. ಎಷ್ಟೋ ಕೋಚ್‌ಗಳು ಮಾರ್ಚ್ ಶುರುವಿನಲ್ಲಿ ಒಂದು ಸೋಲು ಬಂದರೆ ಒಳ್ಳೆಯದೇ, ಎಚ್ಚರ ಬರುತ್ತದೆ ಅಂತ ಹೇಳುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಹಿಂದಿನ ವರ್ಷ 36 ಗೆದ್ದು ಒಂದರಲ್ಲಿ ಮುರಿದುಬಿದ್ದ ಗಾಯ ಇವರಿಗೆ ಇತ್ತು, ಇನ್ನೊಂದು ಎಚ್ಚರಿಕೆ ಬೇಕಿರಲಿಲ್ಲ.

ಮರುದಿನ ಫೈನಲ್, ಎಲ್‌ಎಸ್‌ಯು ಎದುರು 79-72 ಗೆಲುವು. ಆದರೆ ಆಟದ ಕೊನೆಯಲ್ಲಿ ಜಗಳ ಆಯಿತು. ಎಲ್‌ಎಸ್‌ಯು ತಂಡದ ಫ್ಲಾಜೆ ಜಾನ್ಸನ್ ಅನ್ನು ಕಾರ್ಡೋಸೊ ಜೋರಾಗಿ ತಳ್ಳಿದಳು, ಅವಳು ನೆಲಕ್ಕೆ ಬಿದ್ದಳು. ಬೆಂಚಿನಲ್ಲಿದ್ದ ಹಲವರು ಅಂಗಳಕ್ಕೆ ನುಗ್ಗಿದರು. ಬೆಂಚು ಬಿಟ್ಟು ಒಳಗೆ ಬಂದವರನ್ನು ನಿಯಮದ ಪ್ರಕಾರ ಹೊರಗೆ ಹಾಕಿದರು, ಕಾರ್ಡೋಸೊ ಕೂಡ ಹೊರಗೆ. ಅವಳು ಆಮೇಲೆ ಕ್ಷಮೆ ಕೇಳಿದಳು. ಜಗಳ ಮಾಡಿ ಹೊರಹೋದವರು ಮುಂದಿನ ಪಂದ್ಯ ಆಡುವಂತಿಲ್ಲ. ಮುಂದಿನ ಪಂದ್ಯ ಅಂದರೆ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತು. ಬೆಂಚು ಗಟ್ಟಿ ಇದ್ದದ್ದರಿಂದ ಅದೂ ಬಾಧಿಸಲಿಲ್ಲ. ಪ್ರೆಸ್ಬಿಟೇರಿಯನ್ ಕಾಲೇಜನ್ನು 91-39ರಿಂದ ಸೋಲಿಸಿದರು. ಎರಡನೇ ಸುತ್ತಿನಲ್ಲಿ ನಾರ್ತ್ ಕೆರೊಲಿನಾ 88-41. ಎರಡೂ ಸ್ವಂತ ಊರಲ್ಲೇ. ಅಲ್ಲಿ ಆ ಸೀಸನ್‌ನಲ್ಲಿ ಮನೆಯಂಗಳದ ಪಂದ್ಯಗಳಿಗೆ ಸರಾಸರಿ 16,000ಕ್ಕೂ ಹೆಚ್ಚು ಜನ ಬಂದಿದ್ದಾರೆ.

ಊರು ಬಿಟ್ಟ ಮೇಲೆ ಆಟ ಬಿಗಿಯಾಯಿತು. ಮೂರನೇ ಸುತ್ತು ಆಲ್ಬನಿಯಲ್ಲಿ, ಇಂಡಿಯಾನಾ ಎದುರು. 22 ಪಾಯಿಂಟ್ ಮುಂದಿದ್ದವರು ಕೊನೆಯಲ್ಲಿ ಬರೀ ಎರಡಕ್ಕೆ ಇಳಿದರು. ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ರೇವನ್ ಜಾನ್ಸನ್ ದೂರದಿಂದ ಒಂದು ಮೂರು ಪಾಯಿಂಟ್ ಹಾಕಿದಳು, 79-75ರಿಂದ ಬಚಾವಾದರು. ಈ ಹೊಡೆತ ನನಗೆ ಕಾರ್ಡೋಸೊ ಹೊಡೆತಕ್ಕಿಂತ ದೊಡ್ಡದು ಅನಿಸುತ್ತದೆ. ಅದಕ್ಕೆ ಎರಡು ಕಾರಣ. ಒಂದು, ಇಲ್ಲಿ ಸೋತಿದ್ದರೆ ಎಲ್ಲ ಮುಗಿಯುತ್ತಿತ್ತು. ಇನ್ನೊಂದು, ಹಾಕಿದ್ದು ರೇವನ್. ಹಿಂದಿನ ವರ್ಷದ ಸೆಮಿಫೈನಲ್‌ನಲ್ಲಿ ಇವಳು ಮೂರು ಪಾಯಿಂಟ್ ಗೆರೆಯ ಹತ್ತಿರ ಚೆಂಡು ಹಿಡಿದು ನಿಂತಾಗ ಕ್ಲಾರ್ಕ್ ತಡೆಯಲು ಹತ್ತಿರ ಕೂಡ ಬರಲಿಲ್ಲ, ಎಸೆದರೆ ಎಸಿ ಅನ್ನುವ ಹಾಗೆ ಕೈ ಬೀಸಿಬಿಟ್ಟಳು. ಆ ವಿಡಿಯೊ ಊರೆಲ್ಲ ಹರಿದಾಡಿತು. ಆಟದ ದೃಷ್ಟಿಯಿಂದ ಅದು ಅಯೋವಾದ ತಂತ್ರವೇ ಆಗಿತ್ತು: ದೂರದಿಂದ ಹಾಕಲು ಬಾರದವಳನ್ನು ಬಿಟ್ಟು, ಆ ಒಬ್ಬರನ್ನು ಬುಟ್ಟಿಯ ಹತ್ತಿರ ಬಾಸ್ಟನ್ ಸುತ್ತ ನಿಲ್ಲಿಸುವುದು. ಆದರೆ ಹುಡುಗಿಗೆ ಅದು ಬಹಳ ನೋವು ಕೊಟ್ಟಿತ್ತು, ಆ ಬೇಸಿಗೆಯಿಡೀ ಎಸೆತ ಅಭ್ಯಾಸ ಮಾಡಿ ವಾಪಸ್ ಬಂದಿದ್ದಳು.

ಆರಿಗನ್ ಸ್ಟೇಟ್ ಎದುರು 70-58. ಅಲ್ಲಿಂದ ಕ್ಲೀವ್‌ಲ್ಯಾಂಡ್, ಕೊನೆಯ ನಾಲ್ಕು. ಸೆಮಿಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಜೊತೆ ಅರ್ಧ ಆಟಕ್ಕೆ ಬರೀ ಒಂದು ಪಾಯಿಂಟ್ ಮುಂದೆ, ಕಾರ್ಡೋಸೊ ಕಾಲಿಗೆ ಪೆಟ್ಟು ಬೇರೆ. ಮೂರನೇ ಭಾಗದ ಹತ್ತು ನಿಮಿಷದಲ್ಲಿ ಇವರು 29 ಹಾಕಿದರು, ಅವರಿಗೆ ಸಿಕ್ಕಿದ್ದು 6. ಒಟ್ಟು 78-59.

ಏಪ್ರಿಲ್ 7ರ ಫೈನಲ್‌ನಲ್ಲಿ ಮತ್ತೆ ಅಯೋವಾ, ಮತ್ತೆ ಕ್ಲಾರ್ಕ್. ನಮ್ಮ ಕಡೆ ಆಗ ಮಧ್ಯರಾತ್ರಿ ದಾಟಿತ್ತು. ಕ್ಲಾರ್ಕ್ ಆ ಸೀಸನ್‌ನಲ್ಲಿ ಮಾಡಿದ್ದನ್ನು ಇಲ್ಲಿ ಹೇಳದೆ ಹೋದರೆ ಅನ್ಯಾಯ ಆಗುತ್ತದೆ. ಫೆಬ್ರವರಿ 15ರಂದು ಕೆಲ್ಸಿ ಪ್ಲಮ್ ಅವರ, ಇಡೀ ಕಾಲೇಜು ಬದುಕಿನ ಒಟ್ಟು 3,527 ಪಾಯಿಂಟ್‌ನ ಎನ್‌ಸಿಎಎ ಮಹಿಳಾ ದಾಖಲೆ ಮುರಿದಳು. ತಿಂಗಳ ಕೊನೆಯಲ್ಲಿ ಲಿನೆಟ್ ವುಡಾರ್ಡ್ ಅವರ 3,649 ದಾಟಿದಳು. ವುಡಾರ್ಡ್ ಆಡಿದ ಕಾಲದಲ್ಲಿ ಮಹಿಳೆಯರ ಆಟವನ್ನು ಎನ್‌ಸಿಎಎ ನಡೆಸುತ್ತಲೇ ಇರಲಿಲ್ಲ, ಬೇರೆ ಸಂಸ್ಥೆ ನಡೆಸುತ್ತಿತ್ತು, ಹಾಗಾಗಿ ಅವರ ಹೆಸರು ಅಧಿಕೃತ ಪಟ್ಟಿಯಲ್ಲಿ ಇರಲೇ ಇಲ್ಲ. ಕ್ಲಾರ್ಕ್ ದಾಖಲೆಯ ನೆಪದಲ್ಲಾದರೂ ಜನ ವುಡಾರ್ಡ್ ಹೆಸರು ಮತ್ತೆ ಎತ್ತಿದ್ದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಮಾರ್ಚ್ 3ರಂದು ಪುರುಷರ ಪೈಕಿ ಪೀಟ್ ಮಾರವಿಚ್ ಅವರ 3,667 ಕೂಡ ಹೋಯಿತು.

ಫೈನಲ್ ಶುರುವಾದ ರೀತಿ ನೋಡಿದರೆ ಮತ್ತೆ 2023ರ ಕಥೆಯೇ ಆಗುತ್ತದೆ ಅನಿಸುವಂತಿತ್ತು. ಮೊದಲ ಹತ್ತು ನಿಮಿಷದಲ್ಲೇ ಕ್ಲಾರ್ಕ್ 18 ಪಾಯಿಂಟ್ ಹಾಕಿದಳು. ಅಯೋವಾ 27, ಸೌತ್ ಕೆರೊಲಿನಾ 20. ಅಲ್ಲಿಂದ ಮುಂದೆ ಲೆಕ್ಕ ನೋಡಿ: ಪಂದ್ಯ ಮುಗಿದಾಗ ಕ್ಲಾರ್ಕ್ ಹೆಸರಲ್ಲಿ 30. ಅಂದರೆ ಉಳಿದ ಮೂವತ್ತು ನಿಮಿಷದಲ್ಲಿ ಬರೀ 12. ಅವಳು ಚೆಂಡು ಹಿಡಿದಾಗಲೆಲ್ಲ ರೇವನ್ ಮೈಗೆ ಅಂಟಿಕೊಂಡ ಹಾಗೆ ನಿಂತಳು, ರೇವನ್ ದಣಿದರೆ ಬ್ರೀ ಹಾಲ್ ಇದ್ದಳು, ಅವಳ ಹಿಂದೆ ಇನ್ನೊಬ್ಬಳು. ಕ್ಲಾರ್ಕ್ ಮಾತ್ರ ಒಬ್ಬಳೇ, ಅವಳಿಗೆ ಕೂರುವ ಹಾಗಿಲ್ಲ. ಅರ್ಧ ಆಟ ಮುಗಿಯುವ ಹೊತ್ತಿಗೆ ರೇವನ್ ಅವಳ ಕೈಯಿಂದಲೇ ಚೆಂಡು ಕಿತ್ತುಕೊಂಡು ಹೋಗಿ ಬುಟ್ಟಿಗೆ ಹಾಕಿದಳು, 49-46.

ಕೊನೆಯಲ್ಲಿ ಅಯೋವಾ 80-75ರ ತನಕ ಹತ್ತಿರ ಬಂತು. ಇನ್ನೂ ನಾಲ್ಕು ನಿಮಿಷ ಇತ್ತು. ಆ ನಾಲ್ಕು ನಿಮಿಷದಲ್ಲಿ ಅಯೋವಾಗೆ ಒಂದು ಪಾಯಿಂಟ್ ಕೂಡ ಸಿಗಲಿಲ್ಲ. ಕಾಲುಗಳು ಸೋತಿದ್ದವು. 87-75.

ಆ ದಿನದ ಅಂಕಿಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಸಂಖ್ಯೆ 37-0. ಅದು ಬೆಂಚಿನಿಂದ ಎದ್ದು ಬಂದವರು ಹಾಕಿದ ಪಾಯಿಂಟ್. ಸೌತ್ ಕೆರೊಲಿನಾ ಬೆಂಚು 37, ಅಯೋವಾ ಬೆಂಚು ಸೊನ್ನೆ. ಅದರಲ್ಲಿ 19 ಹಾಕಿದ್ದು ಟೆಸಾ ಜಾನ್ಸನ್, ಮೊದಲ ವರ್ಷದ ಹುಡುಗಿ, ಆ ಪಂದ್ಯದಲ್ಲಿ ತಂಡದಲ್ಲೇ ಅತಿ ಹೆಚ್ಚು ಹಾಕಿದವಳು ಅವಳೇ. ಇನ್ನೊಂದು ಸಂಖ್ಯೆ ರೀಬೌಂಡ್, 51-29. ಬುಟ್ಟಿಗೆ ಬೀಳದ ಚೆಂಡು ಮತ್ತೆ ಯಾರ ಕೈಗೆ ಸಿಕ್ಕಿತು ಅನ್ನುವ ಲೆಕ್ಕ ಇದು. ತಪ್ಪಿದ ಚೆಂಡನ್ನು ಎದುರಾಳಿಗೆ ಬಿಡದೆ ತಾವೇ ಹಿಡಿದರೆ ಅದು ಪುಕ್ಕಟೆ ಇನ್ನೊಂದು ಅವಕಾಶ. ಕಾರ್ಡೋಸೊ ಒಬ್ಬಳೇ 17 ಹಿಡಿದಳು, ಜೊತೆಗೆ 15 ಪಾಯಿಂಟ್, ಅದೂ ನೋಯುವ ಕಾಲಿನಲ್ಲಿ. ಕೊನೆಯ ಹಂತದ ಅತ್ಯುತ್ತಮ ಆಟಗಾರ್ತಿ ಅಂತ ಅವಳನ್ನೇ ಆರಿಸಿದರು.

ಸ್ಟೇಲಿ ಅವರಿಗೆ ಇದು ಮೂರನೇ ರಾಷ್ಟ್ರೀಯ ಕಪ್, ಮೊದಲೆರಡು 2017 ಮತ್ತು 2022ರಲ್ಲಿ. ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು ಅವರು. 2008ರಲ್ಲಿ ಸೌತ್ ಕೆರೊಲಿನಾಗೆ ಬಂದಾಗ ಮೊದಲ ಸೀಸನ್‌ನಲ್ಲಿ ಗೆದ್ದದ್ದು 10, ಸೋತದ್ದು 18. ಬೆಂಚಿನಲ್ಲಿ ಕೂರಲೂ ಪ್ರತಿಭಾವಂತರು ಒಪ್ಪಿ ಬರುವಂಥ ಕಾಲೇಜು ಅದು ಒಂದೇ ದಿನದಲ್ಲಿ ಆದದ್ದಲ್ಲ.

ಆ ಫೈನಲ್ ಅನ್ನು ಅಮೆರಿಕದಲ್ಲಿ ಟಿವಿಯಲ್ಲಿ ನೋಡಿದವರು ಸರಾಸರಿ ಸುಮಾರು 1.9 ಕೋಟಿ ಜನ. ಮರುದಿನ ನಡೆದ ಪುರುಷರ ಫೈನಲ್‌ಗೆ ಸುಮಾರು 1.5 ಕೋಟಿ. ಮಹಿಳೆಯರ ಫೈನಲ್ ಪುರುಷರದನ್ನು ಮೀರಿಸಿದ್ದು ಅದೇ ಮೊದಲು. ಬರೀ ಮೂರು ವರ್ಷದ ಹಿಂದೆ, 2021ರಲ್ಲಿ, ಆರಿಗನ್ ಆಟಗಾರ್ತಿ ಸಿಡೋನಾ ಪ್ರಿನ್ಸ್ ಒಂದು ವಿಡಿಯೊ ಹಾಕಿದ್ದಳು. ಪುರುಷರ ಟೂರ್ನಿಗೆ ದೊಡ್ಡ ಜಿಮ್ ಕೊಟ್ಟಿದ್ದರು, ಮಹಿಳೆಯರಿಗೆ ಒಂದು ಸ್ಟ್ಯಾಂಡ್ ಡಂಬಲ್ಸ್. ಆ ಗಲಾಟೆಯ ನಂತರವೇ ಮಾರ್ಚ್ ಮ್ಯಾಡ್‌ನೆಸ್ ಅನ್ನುವ ಹೆಸರನ್ನು ಮಹಿಳೆಯರ ಟೂರ್ನಿಗೂ ಬಳಸಲು ಬಿಟ್ಟದ್ದು, ತಂಡಗಳ ಸಂಖ್ಯೆಯನ್ನು ಪುರುಷರ ಹಾಗೆ 68 ಮಾಡಿದ್ದು. ಹಣದ ವಿಷಯ ಇನ್ನೂ ತಡವಾಯಿತು. ಪುರುಷರ ಟೂರ್ನಿಯಲ್ಲಿ ಆಡಿದ ಪಂದ್ಯಗಳ ಲೆಕ್ಕದಲ್ಲಿ ಕಾನ್ಫರೆನ್ಸ್‌ಗೆ ಹಣದ ಪಾಲು ಬರುವ ಪದ್ಧತಿ ಮೊದಲೇ ಇತ್ತು. ಸೌತ್ ಕೆರೊಲಿನಾ ಆರಕ್ಕೆ ಆರೂ ಗೆದ್ದ 2024ರಲ್ಲಿ ಮಹಿಳೆಯರಿಗೆ ಅಂಥದ್ದು ಇರಲೇ ಇಲ್ಲ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಇದು ಇಷ್ಟು ವರ್ಷ ಯಾಕೆ ಬೇಕಾಯಿತು ಅನ್ನುವ ಸಿಟ್ಟು ನನಗಿದೆ.

ಫೈನಲ್ ಆದ ಎಂಟು ದಿನಕ್ಕೆ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಆಟಗಾರರನ್ನು ಆರಿಸಿಕೊಂಡಿತು. ಮೊದಲ ಹೆಸರು ಕ್ಲಾರ್ಕ್, ಮೂರನೆಯದು ಕಾರ್ಡೋಸೊ. ಉಳಿದವರಲ್ಲಿ ಹೆಚ್ಚಿನವರು ಸೌತ್ ಕೆರೊಲಿನಾದಲ್ಲೇ ಉಳಿದರು, ಹಾಗಾಗಿ ಮುಂದಿನ ಸೀಸನ್‌ಗೂ ತಂಡ ಗಟ್ಟಿಯಾಗೇ ಇತ್ತು. ಸತತ ಗೆಲುವು 43ಕ್ಕೆ ಮುಟ್ಟಿತು. 2024ರ ನವೆಂಬರ್‌ನಲ್ಲಿ ಯುಸಿಎಲ್‌ಎ ಅದನ್ನು ನಿಲ್ಲಿಸಿತು, 77-62. ಫೆಬ್ರವರಿಯಲ್ಲಿ ಟೆಕ್ಸಸ್ ಎದುರು ಸೋತರು, ಆಮೇಲೆ ಕನೆಕ್ಟಿಕಟ್ ಅವರ ಊರಿಗೇ ಬಂದು 87-58ರಿಂದ ಸೋಲಿಸಿ ಹೋಯಿತು. ಮೂರು ಸೋಲು. ಆದರೂ ರಾಷ್ಟ್ರೀಯ ಟೂರ್ನಿಯಲ್ಲಿ 1ನೇ ಸೀಡ್ ಸಿಕ್ಕಿತು, ಫೈನಲ್‌ಗೂ ಹೋದರು. ನಾಲ್ಕನೇ ಸೋಲು ಬಂದದ್ದು 2025ರ ಏಪ್ರಿಲ್ 6ರಂದು ಟ್ಯಾಂಪಾದಲ್ಲಿ, ಆ ಫೈನಲ್‌ನಲ್ಲೇ, ಮತ್ತೆ ಕನೆಕ್ಟಿಕಟ್ ಎದುರು, 82-59.